ಅಂಗಳದಲ್ಲಿ ಆರಾಧನೆ

ಜನವರಿ 12

ಪ್ರೀತಿಯ ಮೊಂಡನಿಗೆ,

ನಿನ್ನ ಹಡಗು ಯಾವ ಬಂದರಿನಲ್ಲಿದೆಯೋ, ಈ ಕಾಗದ ನಿನ್ನ ಕೈಗೆ ಯಾವಾಗ ಸಿಗುತ್ತದೋ. ಫೋನಿನಲ್ಲಿ ಮಾತಾಡೋಣವೆಂದರೆ ಸಮುದ್ರದ ನಡುವೆ ನಿನಗೆ ಸಿಗ್ನಲ್ ಇಲ್ಲ, ನೀನು ದಡಕ್ಕೆ ಬಂದಾಗ ನನಗೆ ಹೆರಿಗೆ ಮಾಡಿಸುವ ಕೆಲಸದಿಂದ ಬಿಡುವಿಲ್ಲ. ಆದ್ದರಿಂದ ನಮಗಿಬ್ಬರಿಗೂ ಕಾಗದವೇ ಗತಿ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೆರಿಗೆ ಆಸ್ಪತ್ರೆಗೆ ಕುತ್ತು ಬಂದಿದೆ. ಹೋದ ವಾರ ಹೊಸದಾಗಿ ಆಯ್ಕೆಯಾದ ನಗರಸಭೆ ಅಧ್ಯಕ್ಷರು ನಾಲ್ಕಾರು ಜನರ ಜೊತೆ ಬಂದರು. ಬಾಗಿಲಲ್ಲಿ ನಿಂತು ನನ್ನನ್ನೇ ಕೇಳಿದರು, "ಇದು ಗೋದಾಮು ಅಲ್ವಾ?" ಅಷ್ಟರಲ್ಲಿ ಒಳಗಿನಿಂದ ನೋವು ತಿನ್ನುತ್ತಿದ್ದವಳೊಬ್ಬಳು ಜೋರಾಗಿ ಕೂಗಿಕೊಂಡಳು. "ಹೌದು ಸಾರ್, ಸರಕು ಕೂಗ್ತಾ ಇದೆ" ಎಂದೆ. ಅವರಿಗೆ ನಗು ಬರಲಿಲ್ಲ.

ತಪ್ಪು ಅವರದಲ್ಲ, ನಮ್ಮದು. ಕಟ್ಟಡ ನಗರಸಭೆಯದು, ಅಜ್ಜನ ಕಾಲದಿಂದ ಅದರಲ್ಲಿ ಆಸ್ಪತ್ರೆ ನಡೆಸುತ್ತಿರುವುದು ನಮ್ಮ ಚರ್ಚು. ಆದರೆ ಹೊರಗೆ ಒಂದು ಬೋರ್ಡ್ ಇಲ್ಲ. ಮಾಡಿದ ಉಪಕಾರವನ್ನು ಗೋಡೆಗೆ ಬರೆದು ಮೆರೆಯಬಾರದು ಎಂದು ನಮ್ಮ ಹಿರಿಯರ ಹಟ. ಹೆಂಗಸರಿಗೆ ದಾರಿ ಗೊತ್ತಿದೆ, ಸಾಕು ಎನ್ನುತ್ತಿದ್ದರು. ನಿಜ, ಊರಿನ ಹೆಂಗಸರಿಗೆಲ್ಲ ದಾರಿ ಗೊತ್ತು. ಊರಾಳುವ ಗಂಡಸರಿಗೆ ಮಾತ್ರ ಗೊತ್ತಿಲ್ಲ. ಈಗ ಅಲ್ಲಿ ಅಂಗಡಿ ಸಾಲು ಕಟ್ಟಬೇಕಂತೆ. ಮಾರ್ಚಿನಲ್ಲಿ ನಗರಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಇದು ಮುಚ್ಚಿದರೆ ಹೆರಿಗೆಗೆ ನದಿ ದಾಟಿ ಹೋಗಬೇಕು. ದಾರಿಯಲ್ಲೇ ಹೆತ್ತವರನ್ನು ನಾನು ನೋಡಿದ್ದೇನೆ, ಆ ದಾರಿಯಲ್ಲಿ ಸತ್ತವರನ್ನೂ ನೋಡಿದ್ದೇನೆ.

ಇದರ ಮೇಲೆ ಇನ್ನೊಂದು ಪೇಚು. ಭಾನುವಾರದ ಆರಾಧನೆಯಲ್ಲಿ ನಾವು ಊರಾಳುವವರಿಗಾಗಿ ಪ್ರಾರ್ಥಿಸುವುದು ನಿನಗೆ ನೆನಪಿರಬೇಕು. ಹೊಸ ಪಾದ್ರಿಗಳು ಅದಕ್ಕೊಂದು ಬಾಲ ಸೇರಿಸಿದ್ದಾರೆ. ಯಾರಿಗಾಗಿ ಪ್ರಾರ್ಥಿಸುತ್ತೇವೋ ಅವರ ಹತ್ತಿರವೇ ಹೋಗಿ, ನಿಮಗಾಗಿ ಏನು ಬೇಡಿಕೊಳ್ಳಲಿ ಎಂದು ಕೇಳಿಕೊಂಡು ಬರಬೇಕು. ಅಂಚೆಯಣ್ಣ, ಪೊಲೀಸಿನವರು, ಕಸದ ಲಾರಿಯವರು ಎಲ್ಲರನ್ನೂ ಹೀಗೆ ಕೇಳಿ ಆಯಿತು. ಫೆಬ್ರವರಿಯಲ್ಲಿ ಸರದಿ ನನ್ನದು. ಯಾರಿಗಾಗಿ ಅಂತ ನೀನೇ ಊಹಿಸು.

ಮೈ ಹುಷಾರು.

ಅಕ್ಕ


ಫೆಬ್ರವರಿ 2

ಅಕ್ಕಾ,

ಕಾಗದ ಸಿಕ್ಕಿತು. ಎಂಜಿನ್ ಕೋಣೆಯ ಕಾವಿನಲ್ಲಿ ಕೂತು ಓದಿದೆ, ಓದಿದ ಮೇಲೆ ಇನ್ನಷ್ಟು ಕಾವೇರಿತು.

ನೀನು ಹೋಗಬೇಡ. ಆ ಅಧ್ಯಕ್ಷರ ಮುಂದೆ ನಿಂತು, ನಿಮಗಾಗಿ ಏನು ಬೇಡಲಿ ಎಂದು ಕೇಳುವುದು ಯಾವ ಸೀಮೆಯ ನ್ಯಾಯ? ನಿನ್ನ ಆಸ್ಪತ್ರೆಯನ್ನು ಕಿತ್ತುಕೊಳ್ಳಲು ಬಂದವನಿಗೆ ನೀನೇ ಮಣೆ ಹಾಕುವುದೇ? ನಿಮ್ಮ ಪಾದ್ರಿಗಳು ಜಾಣರು. ತಾವು ಹಿಂದೆ ನಿಂತು ನಿನ್ನನ್ನು ಮುಂದೆ ತಳ್ಳಿದ್ದಾರೆ. ನಾಳೆ ಹೆಚ್ಚುಕಡಿಮೆಯಾದರೆ ಬೈಗುಳ ಯಾರ ತಲೆಗೆ?

ಚರ್ಚಿನ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತಿರುವುದೇ. ಜನರ ಆತ್ಮದ ಯೋಗಕ್ಷೇಮ ನೋಡಿಕೊಂಡು ಚರ್ಚು ತನ್ನ ಪಾಡಿಗೆ ತಾನಿರಬೇಕು. ನಗರಸಭೆಯ ಮೆಟ್ಟಿಲು ಹತ್ತಿದ ದಿನ ನೀವೂ ಒಂದು ಪಕ್ಷ ಅಂತ ಲೆಕ್ಕ. ಆಮೇಲೆ ನಿಮ್ಮ ಪ್ರತಿ ಮಾತಿಗೂ ಜನ ಒಳಅರ್ಥ ಹುಡುಕುತ್ತಾರೆ.

ಇಲ್ಲ, ಹತ್ತಿಯೇ ಹತ್ತುತ್ತೇವೆ ಅಂತಿದ್ದರೆ ಸರಿಯಾಗಿ ಹತ್ತಿ. ಊರಿಗೆ ಊರೇ ಸೇರಲಿ, ಮೆರವಣಿಗೆ ಮಾಡಿ, ಘೋಷಣೆ ಕೂಗಿ. ಅರ್ಧ ಪ್ರಾರ್ಥನೆ, ಅರ್ಧ ರಾಜಕೀಯ ಎಂದು ಹೊರಟರೆ ಎರಡೂ ಕೆಡುತ್ತವೆ. ನನ್ನ ಮಾತು ಒರಟಾಯಿತು, ಗೊತ್ತು. ನೀನು ಒಬ್ಬಳೇ ಪೆಟ್ಟು ತಿನ್ನುವುದು ನನಗೆ ಇಷ್ಟವಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಹಳೆಯ ಎಂಜಿನ್, ಹಳೆಯ ಅಡಿಗೆಯವನು, ಇಬ್ಬರೂ ಕೆಮ್ಮುತ್ತಾರೆ.

ನಿನ್ನ ತಮ್ಮ


ಫೆಬ್ರವರಿ 20

ಪ್ರೀತಿಯ ಮೊಂಡನಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಹೋಗಿ ಬಂದಾಗಿತ್ತು. ಮೊದಲೇ ಬಂದಿದ್ದರೂ ಹೋಗುತ್ತಿದ್ದೆ, ಅದು ಬೇರೆ ಮಾತು.

ಅಧ್ಯಕ್ಷರ ಕೋಣೆಯ ಹೊರಗೆ ಕಾಯುವವರ ಬೆಂಚಿದೆ. ಬಲಗಡೆ ಒಬ್ಬ ಗುತ್ತಿಗೆದಾರ, ಎಡಗಡೆ ಕಟ್ಟಿಕೊಂಡ ಚರಂಡಿಯ ದೂರು ತಂದ ಅಜ್ಜಿ. ನಡುವೆ ನಾನು. ಅಜ್ಜಿ ಕೇಳಿತು, "ನಿಂದೇನಮ್ಮ ಕೆಲಸ?" ಪ್ರಾರ್ಥನೆ ಮಾಡೋಕೆ ಏನು ಬೇಕು ಅಂತ ಕೇಳೋಕೆ ಬಂದೆ ಎಂದರೆ ಅಜ್ಜಿ ಸರಿದು ಕೂತೀತು ಎಂದು, ನಂದೂ ಕಟ್ಟಿಕೊಂಡಿದ್ದೇ ಅಜ್ಜಿ ಎಂದೆ.

ಒಳಗೆ ಹೋದೆ. ಮೇಜಿನ ಮೇಲೆ ಅಂಗಡಿ ಸಾಲಿನ ನಕ್ಷೆ ಹರಡಿತ್ತು. ನನ್ನ ಗುರುತು ಸಿಕ್ಕಿತು, ಮುಖ ಗಂಟಾಯಿತು.

"ಅರ್ಜಿ ಎಲ್ಲಿ?" ಎಂದರು.

"ಅರ್ಜಿ ಇಲ್ಲ ಸಾರ್. ಬರೋ ಭಾನುವಾರ ಚರ್ಚಲ್ಲಿ ನಿಮಗೋಸ್ಕರ ಪ್ರಾರ್ಥನೆ ಮಾಡೋ ಸರದಿ ನಂದು. ಏನು ಬೇಡ್ಕೊಳ್ಳಲಿ ಅಂತ ಕೇಳಿ ಹೋಗೋಣ ಅಂತ ಬಂದೆ."

"ಇದೇನು ಹೊಸ ತಂತ್ರ?"

"ತಂತ್ರ ಅಲ್ಲ. ಹೋದ ತಿಂಗಳು ಕಸದ ಲಾರಿಯವರನ್ನೂ ಕೇಳಿದ್ವಿ. ಅವರಿಗೆ ಕೈಗವಸು ಬೇಕಿತ್ತು. ಪ್ರಾರ್ಥನೆನೂ ಮಾಡಿದ್ವಿ, ಕೈಗವಸೂ ಕೊಡಿಸಿದ್ವಿ."

"ಮಾರ್ಚ್ ಸಭೇಲಿ ನನ್ನ ವಿರುದ್ಧ ಮಾತಾಡೋದು ನೀವೇ ಅಂತ ಕೇಳಿದೆ."

"ನಾನೇ. ಗಟ್ಟಿಯಾಗೇ ಮಾತಾಡ್ತೀನಿ. ಇದು ಭಾನುವಾರದ್ದು."

ಅವರು ಮೇಜಿನ ಮೇಲಿನ ನಕ್ಷೆ ಸುತ್ತಿಟ್ಟರು. ನಾನು ಏಳಬೇಕೆಂದುಕೊಂಡೆ. ಆಗ ಅವರೇ ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದು ಒಂದು ವಿಷಯ ಹೇಳಿದರು. ಏನು ಎಂದು ನಿನಗೆ ಹೇಳುವುದಿಲ್ಲ. ಕಟ್ಟಡದ ಮಾತಲ್ಲ, ಅವರ ಮನೆಯೊಳಗಿನ ಮಾತು. ಹೇಳುವಾಗ ಅವರು ನಗರಸಭೆ ಅಧ್ಯಕ್ಷರಂತೆ ಕಾಣಲಿಲ್ಲ. ನಮ್ಮ ಆಸ್ಪತ್ರೆಯ ಹೊರಗೆ ಗೋಡೆಗೊರಗಿ ಕಾಯುವ ಗಂಡಂದಿರಂತೆ ಕಂಡರು.

ಭಾನುವಾರ ಎದ್ದು ನಿಂತೆ. ಅದನ್ನು ಎಲ್ಲರೆದುರು ಹೇಳುವ ಹಾಗಿಲ್ಲವಲ್ಲ. "ಕರ್ತನೇ, ನಗರಸಭೆ ಅಧ್ಯಕ್ಷರು ಏನು ಕೇಳಿಕೊಂಡಿದ್ದಾರೋ ಅದನ್ನು ಅವರಿಗೆ ಕೊಡು" ಎಂದುಬಿಟ್ಟೆ. ಅಷ್ಟಕ್ಕೇ ಚರ್ಚಿನಲ್ಲಿ ಗುಸುಗುಸು. ಆಮೆನ್ ಎಂದವರು ಬೆರಳೆಣಿಕೆಯಷ್ಟು ಜನ. ಹೊರಗೆ ಬಂದ ಮೇಲೆ ನಮ್ಮ ಹೆಡ್‌ಮೇಷ್ಟ್ರು ಅಡ್ಡಗಟ್ಟಿದರು. "ಅವನು ಕೇಳಿರೋದು ನಮ್ಮ ಕಟ್ಟಡಾನೇ ತಾನೆ? ನಿಂಗೆ ತಲೆ ಕೆಟ್ಟಿದೆಯಾ?" ತಲೆ ತಗ್ಗಿಸಿ ಮನೆಗೆ ಬಂದೆ.

ಪಾದ್ರಿಗಳ ಬಗ್ಗೆ ನೀನು ಬರೆದದ್ದು ತಪ್ಪು. ನನಗೆ ಸಿಟ್ಟು ಬಂತು, ಆದರೂ ಜಗಳ ಈಗ ಬೇಡ. ನೀನು ಬಂದಾಗ ಮುಖಾಮುಖಿ ಆಡೋಣ.

ಅಕ್ಕ


ಮಾರ್ಚ್ 14

ಪ್ರೀತಿಯ ತಮ್ಮನಿಗೆ,

ಸೋಮವಾರ ಸಭೆ ಆಯಿತು. ಸಭಾಂಗಣ ತುಂಬಿ, ಜನ ಕಿಟಕಿಯ ಹೊರಗೂ ನಿಂತಿದ್ದರು. ನಮ್ಮ ಚರ್ಚಿನವರು ಕಡಿಮೆ, ಬೇರೆಯವರೇ ಹೆಚ್ಚು. ಕೂಸು ಎತ್ತಿಕೊಂಡು ಬಂದ ಹೆಂಗಸರೇ ಎಷ್ಟೋ ಜನ. ನಾನು ಮಾತಾಡಿದೆ, ಕಿಟಕಿಯಾಚೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ. ಪಾದ್ರಿಗಳು ಎರಡೇ ಮಾತಾಡಿದರು. "ಇದು ಚರ್ಚಿನ ಪ್ರಶ್ನೆ ಅಲ್ಲ. ಚರ್ಚಿಗೆ ಇದ್ರಲ್ಲಿ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ನಷ್ಟ ಆಗೋದು ಇಲ್ಲಿ ಕೂಸು ಎತ್ಕೊಂಡು ನಿಂತಿರೋ ಇವರಿಗೆ." ಹೆಡ್‌ಮೇಷ್ಟ್ರು ಮೊದಲೇ ಒಂದು ಬ್ಯಾನರ್ ಬರೆಸಿ ತಂದಿದ್ದರು, ನಮ್ಮ ಧರ್ಮದ ಮೇಲೆ ದಾಳಿ ಅಂತ. ಪಾದ್ರಿಗಳು ಅದನ್ನು ಬಾಗಿಲಲ್ಲೇ ಮಡಚಿಸಿ ಇಟ್ಟರು. "ದಾಳಿ ಆಗಿಲ್ಲ ಮೇಷ್ಟ್ರೇ. ಆಗದೇ ಇರೋದನ್ನ ಆಗಿದೆ ಅಂದ್ರೆ, ನಾಳೆ ನಿಜವಾಗಿ ಆದಾಗ ಯಾರು ನಂಬ್ತಾರೆ?" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು.

ಎಲ್ಲರೂ ಚೆನ್ನಾಗಿ ಮಾತಾಡಿದರು. ಅಧ್ಯಕ್ಷರೂ ಮರ್ಯಾದೆಯಿಂದ ನಡೆದುಕೊಂಡರು.

ಈಗ ನಿದ್ದೆ ಎಳೆಯುತ್ತಿದೆ. ನಿನ್ನ ಆರೋಗ್ಯದ ಬಗ್ಗೆ ಒಂದಕ್ಷರವೂ ಬರೆಯುವುದಿಲ್ಲವಲ್ಲ ನೀನು. ಬರೆ.

ಅಕ್ಕ


ಏಪ್ರಿಲ್ 5

ಅಕ್ಕಾ,

ಭೇಷ್. ಕಾಗದ ಓದಿ ಅಡಿಗೆಯವನಿಗೂ ಹೇಳಿದೆ, ನಮ್ಮಕ್ಕ ನಗರಸಭೆಯನ್ನೇ ಗೆದ್ದು ಬಂದಳು ಅಂತ. ಅವನು ಆ ಖುಷಿಗೆ ಇಡೀ ಹಡಗಿಗೆ ಎರಡನೇ ಸಲ ಕಾಫಿ ಮಾಡಿದ. ಬ್ಯಾನರ್ ಮಡಚಿಸಿದ ವಿಷಯ ನನಗೂ ಹಿಡಿಸಿತು. ನಿಮ್ಮ ಪಾದ್ರಿಗಳ ಮೇಲಿನ ನನ್ನ ಸಿಟ್ಟನ್ನು ಅರ್ಧ ವಾಪಸು ತೆಗೆದುಕೊಂಡಿದ್ದೇನೆ. ಉಳಿದರ್ಧ ಇನ್ನೂ ವಿಚಾರಣೆಯಲ್ಲಿದೆ.

ನೋಡಿದೆಯಾ, ನಾನು ಹೇಳಿದ ಹಾಗೆ ಊರೆಲ್ಲ ಸೇರಿದ್ದರಿಂದಲೇ ಕೆಲಸವಾಯಿತು. ಪ್ರಾರ್ಥನೆಯಿಂದಲ್ಲ. ಇನ್ನು ಮೇಲಾದರೂ ಬಾಗಿಲಿಗೆ ಒಂದು ಬೋರ್ಡ್ ಹಾಕಿಸಿ. ಅಕ್ಷರ ದೊಡ್ಡದಿರಲಿ, ಗಂಡಸರಿಗೂ ಕಾಣುವ ಹಾಗೆ.

ಮತ್ತೆ, ಆ ಮನುಷ್ಯ ಏನು ಕೇಳಿಕೊಂಡ? ನನಗೆ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ಇಲ್ಲಿ ಸುತ್ತ ಬರೀ ನೀರು. ಮುಂದಿನ ಚುನಾವಣೆ ಗೆಲ್ಲಿಸು ಅಂತಲೇ ಕೇಳಿರಬೇಕು.

ನನ್ನ ಆರೋಗ್ಯ ಕಬ್ಬಿಣ.

ನಿನ್ನ ತಮ್ಮ


ಏಪ್ರಿಲ್ 28

ಪ್ರೀತಿಯ ತಮ್ಮನಿಗೆ,

ನಾವು ಗೆಲ್ಲಲಿಲ್ಲ. ಸೋತೆವು.

ಹೋದ ಕಾಗದದಲ್ಲಿ ಬರೆಯಲು ಕೂತವಳಿಗೆ ಆ ಮಾತು ಬರೆಯಲಾಗಲಿಲ್ಲ. ಸಭೆ ಎಷ್ಟು ಚೆನ್ನಾಗಿತ್ತು ಎಂಬುದನ್ನೇ ಬರೆದು ಮುಗಿಸಿದೆ. ನಿಮ್ಮ ಅಡಿಗೆಯವನ ಕಾಫಿಯ ವಿಷಯ ಓದಿದ ಮೇಲೆ ಇನ್ನು ಮುಚ್ಚಿಡಲಾಗಲಿಲ್ಲ. ಅವನಿಗೆ ನನ್ನ ಪರವಾಗಿ ಕ್ಷಮೆ ಕೇಳು.

ಮತ ಹಾಕುವ ಹೊತ್ತಿಗೆ ಕೈಗಳು ಸರಿಸಮ ನಿಂತವು. ಅಧ್ಯಕ್ಷರ ಒಂದು ಮತದಿಂದ ಕಟ್ಟಡ ಹೋಯಿತು. ಕೈ ಎತ್ತುವ ಮೊದಲು ಅವರು ನನ್ನ ಕಡೆ ನೋಡಿದರು. ನನ್ನ ಬಾಯಲ್ಲಿ ಅವರ ಗುಟ್ಟು ಇತ್ತು, ತಮ್ಮಾ. ಅದನ್ನು ಅಲ್ಲಿ ಆಡಿದ್ದರೆ ಆ ಕೈ ಏಳುತ್ತಿರಲಿಲ್ಲ. ಹೆರಿಗೆ ಆಸ್ಪತ್ರೆ ಮುಚ್ಚುತ್ತೇನೆ ಎನ್ನುವ ಬಾಯಿ ಆ ಮಾತಿನ ಎದುರು ಮುಚ್ಚಿಹೋಗುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಪ್ರಾರ್ಥನೆಗೆಂದು ಕೇಳಿಸಿಕೊಂಡದ್ದನ್ನು ಜಗಳಕ್ಕೆ ಬಳಸಿದರೆ ಇನ್ನು ಮೇಲೆ ಈ ಊರಿನಲ್ಲಿ ಯಾರು ನಮ್ಮ ಹತ್ತಿರ ಏನು ಹೇಳಿಕೊಂಡಾರು? ನುಂಗಿಕೊಂಡೆ. ಆಮೇಲೆ ಮನೆಗೆ ಬಂದು ಅಡಿಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಗೊತ್ತಾಗದೆ ಅತ್ತೆ. ನನ್ನ ಬಾಯಿಯ ಮರ್ಯಾದೆಗಾಗಿ ಎಷ್ಟು ಹೆಂಗಸರು ನದಿ ದಾಟಬೇಕೋ ಎಂದು ಅತ್ತೆ.

ಹೆಡ್‌ಮೇಷ್ಟ್ರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನೀನು ಬೇಡಿಕೊಂಡೆ, ದೇವರು ಕೊಟ್ಟ, ಅನುಭವಿಸು ಎಂದು ಮಾತ್ರ ಹೇಳಿ ಕಳಿಸಿದರು.

ಮುಂದಿನ ಭಾನುವಾರ ಪಾದ್ರಿಗಳು ಪ್ರಸಂಗ ಮಾಡಲಿಲ್ಲ. ಕೆಳಗಿಳಿದು ಬಂದು ಬೆಂಚುಗಳ ನಡುವೆ ನಿಂತರು. "ಊರಲ್ಲಿ ದೊಡ್ಡ ಚಾವಣಿ ಇರೋ ಕಟ್ಟಡ ಇನ್ನೊಂದಿದೆ. ವಾರಕ್ಕೆ ಒಂದ್ಸಲ ಬಿಟ್ರೆ ಬಾಗಿಲು ಹಾಕಿರತ್ತೆ. ನಾವೀಗ ಅದರೊಳಗೇ ಕೂತಿದ್ದೀವಿ" ಎಂದರು. ಯಾರಿಗೂ ಮೊದಲು ಅರ್ಥವಾಗಲಿಲ್ಲ. ಚರ್ಚಿನೊಳಗೇ ಹೆರಿಗೆ ಆಸ್ಪತ್ರೆ ಎಂದು ಅರ್ಥವಾದ ಮೇಲೆ ಗಲಾಟೆಯೋ ಗಲಾಟೆ. ಪವಿತ್ರ ಸ್ಥಳ, ಅಲ್ಲಿ ರಕ್ತ, ಕಿರುಚಾಟ ಎಂದರು ಕೆಲವರು. ಆರ್ಗನ್ ನುಡಿಸುವ ಅತ್ತೆ, ಬಿಸಿಲಿಗಿಟ್ಟರೆ ಆರ್ಗನ್ನಿನ ಮರ ಸೀಳುತ್ತದೆ ಎಂದು ಕಣ್ಣೀರು ಹಾಕಿದರು. ನನ್ನ ಕೆಲಸದ ಮಾತು, ನಾನೇ ಹೇಗೆ ಕೇಳಲಿ?

ಆಗ ಎದ್ದವರು ಯಾರು ಗೊತ್ತೇ? ಹೆಡ್‌ಮೇಷ್ಟ್ರು. ತಾವು ಕೂತ ಬೆಂಚಿನ ಒಂದು ತುದಿ ಎತ್ತಿದರು. ಇನ್ನೊಂದು ತುದಿ ಎತ್ತಲು ಯಾರಾದರೂ ಬರುತ್ತಾರೋ ಎಂದು ಸುತ್ತ ನೋಡಿದರು. ಆ ವಯಸ್ಸಿನಲ್ಲಿ ಬೆಂಚು ಹಿಡಿದು ಬಗ್ಗಿ ನಿಂತದ್ದನ್ನು ನೋಡಿ ಸಾಲಿಗೆ ಸಾಲೇ ಎದ್ದಿತು. ಮಧ್ಯಾಹ್ನದೊಳಗೆ ಬೆಂಚೆಲ್ಲ ಅಂಗಳದಲ್ಲಿ. ಆರ್ಗನ್ನಿಗೆ ಮಾತ್ರ ಪಾದ್ರಿಗಳು ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಈಗ ಅತ್ತೆ ಕಿಟಕಿಯೊಳಗಿನಿಂದ ನುಡಿಸುತ್ತಾರೆ, ನಾವು ಹೊರಗೆ ಹಾಡುತ್ತೇವೆ. ತಾಳ ಒಂದು ಸಾಲು ಹಿಂದೆ ಬೀಳುತ್ತದೆ.

ನಮ್ಮವರ ಮೇಲೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಬಂದಿರಲಿಲ್ಲ.

ಅಕ್ಕ


ಮೇ 26

ಮೊಂಡನಿಗೆ,

ಏಪ್ರಿಲ್ ಕಾಗದಕ್ಕೆ ಉತ್ತರವಿಲ್ಲ. ಸುಳ್ಳು ಸುದ್ದಿ ಕೊಟ್ಟಳೆಂದು ಮುನಿಸೇ? ಇಲ್ಲ, ಚರ್ಚು ಮತ್ತೆ ಊರ ಉಸಾಬರಿಗೆ ಇಳಿಯಿತೆಂದು ಮುನಿಸೇ? ಮುನಿಸಿದ್ದರೆ ಬೈದಾದರೂ ಬರೆ. ಹಡಗಿನ ಸುದ್ದಿ ಗೊತ್ತಾಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಚರ್ಚಿನೊಳಗೆ ಮೊದಲ ಮಗು ಹುಟ್ಟಿತು. ಅದೂ ಭಾನುವಾರ, ಹೊರಗೆ ಆರಾಧನೆ ನಡೆಯುತ್ತಿರುವಾಗಲೇ. ಬಂದವಳು ನಮ್ಮವಳಲ್ಲ. ಅವಳ ಅತ್ತೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತು, "ನಾವು ಒಳಗೆ ಬರಬಹುದಾ?" ಎಂದರು. "ನೀವು ಬರ್ಲಿ ಅಂತಾನೇ ನಾವೆಲ್ಲ ಹೊರಗೆ ಹೋಗಿದ್ದೀವಿ, ಬನ್ನಿ" ಎಂದೆ. ಕಷ್ಟದ ಹೆರಿಗೆ. ಕೂಸು ಅಡ್ಡ ತಿರುಗಿತ್ತು. ನದಿ ದಾಟಲು ಹೊರಟಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ, ಇದನ್ನು ನಾನು ಬಡಾಯಿಗೆ ಬರೆಯುತ್ತಿಲ್ಲ. ಅವಳ ಕೂಗು ಕೇಳಿ ಹೊರಗೆ ಹಾಡು ತಾನಾಗಿ ನಿಂತಿತು. ಕೂಸು ಅತ್ತಿತು, ಹೊರಗೆ ಯಾರೋ ಜೋರಾಗಿ ಮೂಗು ಸೀಟಿದರು. ಹೆಡ್‌ಮೇಷ್ಟ್ರಂತೆ.

ಚರ್ಚಿನಲ್ಲಿ ಆಸ್ಪತ್ರೆ ನಡೆಸಲು ನಗರಸಭೆಯ ಪರವಾನಗಿ ಬೇಕಿತ್ತು. ಅಧ್ಯಕ್ಷರು ಕೇಳಿದ ದಿನವೇ ಸಹಿ ಹಾಕಿದರು. ಕೊಡುವಾಗ ಹೇಳಿದರು, "ಅವತ್ತು ನೀವು ಬಾಯಿ ಬಿಟ್ಟಿದ್ರೆ ನಾನು ಸೋತು ಹೋಗ್ತಿದ್ದೆ."

"ಗೊತ್ತು ಸಾರ್."

"ಅಂಗಡಿ ಮಾತ್ರ ಕಟ್ಟೇ ಕಟ್ತೀನಿ. ಅದು ಊರಿಗೆ ಬೇಕು ಅನ್ನೋದು ನನ್ನ ನಂಬಿಕೆ."

"ಕಟ್ಟಿ. ಮುಂದಿನ ಸಲ ಮತ್ತೆ ನಿಮ್ಮ ವಿರುದ್ಧಾನೇ ಮಾತಾಡ್ತೀನಿ."

"ಭಾನುವಾರದ್ದು?"

"ಅದು ನಡೀತಾನೇ ಇದೆ" ಎಂದೆ. ತಲೆಯಾಡಿಸಿದರು. ಅವರನ್ನು ಕೆಟ್ಟವರೆಂದು ಬೈಯಲು ನನಗೆ ಈಗ ಆಗುವುದಿಲ್ಲ, ಅವರು ಮಾಡಿದ್ದನ್ನು ಸರಿ ಎನ್ನಲೂ ಆಗುವುದಿಲ್ಲ.

ಒಂದೇ ಕೊರತೆ, ಬಿಸಿನೀರು. ಚರ್ಚಿನಲ್ಲಿ ನೀರಿನ ಕೊಳವೆಯೇ ಇಲ್ಲ. ಪಾದ್ರಿಗಳ ಅಡಿಗೆಮನೆಯಲ್ಲಿ ಕಾಯಿಸಿ, ಆರಾಧನೆಗೆ ಬಂದವರು ಬಕೆಟ್ಟಿನಲ್ಲಿ ಕೈಯಿಂದ ಕೈಗೆ ದಾಟಿಸುತ್ತಾರೆ. ನನ್ನ ಕೈಗೆ ಬರುವ ಹೊತ್ತಿಗೆ ಆರಿರುತ್ತದೆ. ಭಾನುವಾರ ಜನರಾದರೂ ಇರುತ್ತಾರೆ, ವಾರದ ನಡುವೆ ಪಾದ್ರಿಗಳೊಬ್ಬರೇ ಓಡುತ್ತಾರೆ. ಹೀಗೇ ಆದರೆ ಆರೋಗ್ಯ ಇಲಾಖೆಯವರು ಬಂದು ನೋಡಿದ ದಿನ ಮುಚ್ಚಿಸುತ್ತಾರೆ, ಆಗ ಅಧ್ಯಕ್ಷರ ಸಹಿಯೂ ಉಳಿಸುವುದಿಲ್ಲ. ಅದೊಂದೇ ಈಗಿನ ಚಿಂತೆ.

ಬರೆಯುತ್ತೀಯ ತಾನೇ?

ಅಕ್ಕ


ಜೂನ್ 19

ಅಕ್ಕಾ,

ಮುನಿಸಲ್ಲ. ನಾಚಿಕೆ. ಏಪ್ರಿಲ್ ಕಾಗದ ಸಿಕ್ಕ ಮೇಲೆ ಬರೆಯಲು ಕೂತರೆ ಏನು ಬರೆದರೂ ಸಣ್ಣದಾಗಿ ಕಾಣುತ್ತಿತ್ತು. ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ.

ಒಂದು ವಿಷಯ ನಿನಗೆ ತಿಳಿಸಿರಲಿಲ್ಲ. ಹೋದ ವರ್ಷ ಎಂಜಿನ್ ಕೋಣೆಯಲ್ಲಿ ಹಬೆ ಬಡಿದು ನನ್ನ ಎಡಗೈ ಬೆಂದಿತು. ಯಾವುದೋ ಬಂದರಿನ ಆಸ್ಪತ್ರೆಯಲ್ಲಿ ನನ್ನನ್ನು ಇಳಿಸಿ ಹಡಗು ಹೋಯಿತು. ಭಾಷೆ ಬಾರದ ಊರು. ಅಲ್ಲಿನ ಚರ್ಚಿನ ಮುದುಕಿಯೊಬ್ಬಳು ದಿನಾ ಮಧ್ಯಾಹ್ನ ಬಂದು ಮಂಚದ ಪಕ್ಕ ಕೂರುತ್ತಿದ್ದಳು. ಬಂದರಿನಲ್ಲಿ ಒಂಟಿಯಾದ ನಾವಿಕರನ್ನು ನೋಡಿಕೊಳ್ಳುವುದು ಅವರ ಚರ್ಚಿನ ಕೆಲಸವೆಂದು ಆಮೇಲೆ ತಿಳಿಯಿತು. ಧರ್ಮದ ಗೋಜಿಗೇ ಹೋಗಲಿಲ್ಲ. ಸೂಪು ಕುಡಿಸಿದಳು, ನನ್ನ ಅಂಗಿಯ ಗುಂಡಿ ಹೊಲಿದಳು, ಕೈಸನ್ನೆಯಲ್ಲೇ ಏನು ಬೇಕು ಎಂದು ಕೇಳಿದಳು. ನಾನು ಕಿಟಕಿ ತೋರಿಸಿದೆ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆಸಿದಳು. ನಿನಗೆ ಹೇಳಿದರೆ ಗಾಬರಿಯಾಗುತ್ತೀಯ ಎಂದು ಕೈಯ ವಿಷಯ ಮುಚ್ಚಿಟ್ಟೆ. ಆ ಮುದುಕಿಯ ವಿಷಯ ಮುಚ್ಚಿಟ್ಟದ್ದು ಬೇರೆ ಕಾರಣಕ್ಕೆ. ಹೇಳಿದರೆ ಚರ್ಚಿನ ಬಗ್ಗೆ ನಾನು ಆಡುವ ದೊಡ್ಡ ಮಾತೆಲ್ಲ ಬಿದ್ದುಹೋಗುತ್ತಿತ್ತು.

ಆತ್ಮ ನೋಡಿಕೊಂಡು ಸುಮ್ಮನಿರಲಿ ಎಂದು ನಿನಗೆ ಬರೆದಿದ್ದೆನಲ್ಲ, ಅವಳು ಸುಮ್ಮನಿದ್ದಿದ್ದರೆ ನಾನು ಆಸ್ಪತ್ರೆಯ ಬೋಳು ಗೋಡೆ ನೋಡುತ್ತಲೇ ಹುಚ್ಚನಾಗುತ್ತಿದ್ದೆ. ನೀವು ಬೆಂಚು ಹೊತ್ತು ಹೊರಗೆ ಬಂದದ್ದನ್ನು ಓದಿದಾಗ ನನಗೆ ಅವಳು ಮಂಚ ಎಳೆಸಿದ್ದು ಕಣ್ಣಿಗೆ ಕಟ್ಟಿತು. ನಾನು ನಿಮ್ಮನ್ನು ಅಳೆದದ್ದು ತಪ್ಪು ಅಳತೆಯಲ್ಲಿ. ನೀನು ಬಾಯಿ ಬಿಡದೆ ಸರಿಯಾದದ್ದನ್ನೇ ಮಾಡಿದೆ. ಅಧ್ಯಕ್ಷರು ಏನು ಕೇಳಿಕೊಂಡರು ಎಂದು ಇನ್ನು ಕೇಳುವುದಿಲ್ಲ, ನನಗೂ ಹೇಳಬೇಡ. ಪಾದ್ರಿಗಳ ಮೇಲಿನ ಉಳಿದರ್ಧ ಸಿಟ್ಟಿನ ಮೊಕದ್ದಮೆ ವಜಾ.

ಈಗ ಕೆಲಸದ ಮಾತು. ಬಕೆಟ್ಟಿನಲ್ಲಿ ದಾಟಿಸುವುದನ್ನು ನಿಲ್ಲಿಸು, ಕೇಳಿದರೆ ನನಗೆ ಮೈ ಉರಿಯುತ್ತದೆ. ಇದರ ಜೊತೆಗಿರುವ ನಕ್ಷೆ ನೋಡು. ಚರ್ಚಿನ ಹಿಂಗೋಡೆಗೆ ತಾಗಿಸಿ ಸಣ್ಣ ಬಾಯ್ಲರ್, ಅದಕ್ಕೆ ಪಾದ್ರಿಗಳ ಮನೆಯಿಂದ ನೀರು, ಅಲ್ಲಿಂದ ಹೆರಿಗೆಯ ಮಂಚದವರೆಗೆ ಕೊಳವೆ, ಕೊಳವೆಗೆ ದಪ್ಪ ಬಟ್ಟೆಯ ಹೊದಿಕೆ. ಬಾಯ್ಲರನ್ನು ಯಾರ ಕೈಗೂ ಮುಟ್ಟಿಸಬೇಡ, ನಾನು ರಜೆಗೆ ಬಂದು ಕೂರಿಸುತ್ತೇನೆ. ಅಡಿಗೆಯವನೂ ಬರುತ್ತಾನಂತೆ, ಗೆಲ್ಲದೇ ಕುಡಿದ ಕಾಫಿಯ ಋಣ ತೀರಿಸಬೇಕಂತೆ. ಹೆಡ್‌ಮೇಷ್ಟ್ರಿಗೆ ಗೋಡೆಯಲ್ಲಿ ತೂತು ಕೊರೆಯಲು ಹೇಳಿಡು, ಅಳತೆ ಬರೆದಿದ್ದೇನೆ. ಆದರೆ ಭಾನುವಾರ ಕೊರೆಯಬೇಡಿ, ಸದ್ದಿಗೆ ಕೂಸುಗಳು ಬೆಚ್ಚುತ್ತವೆ.

ನಾನು ಪ್ರಾರ್ಥನೆಗೆ ಕೂರುತ್ತೇನೋ ಇಲ್ಲವೋ, ಈಗಲೇ ಕೇಳಬೇಡ. ಅದನ್ನು ನೀವು ನೋಡಿಕೊಳ್ಳಿ. ಬಿಸಿನೀರು ನನಗೆ ಬಿಡಿ.

ನಿನ್ನ ತಮ್ಮ